ಸರಪಳಿ ಬಾಯಿ

ಹೋದ ತಿಂಗಳು ನನ್ನ ಮನೆಗೆ ಒಂದು ಅಚ್ಚು ಹಾಕಿಸಿದ ಪತ್ರ ಬಂತು. ನಾನು ಹದಿನಾಲ್ಕು ವರ್ಷ ಯಾರ ಕೈಕೆಳಗೆ ಗುಮಾಸ್ತನಾಗಿ ದುಡಿದೆನೋ ಆ ಸಾಹೇಬರು ತೀರಿಕೊಂಡಿದ್ದರು. ಅವರ ಮನೆಯವರು ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. 'ಯುವ ನೌಕರರ ಪ್ರತಿಭೆಯನ್ನು ಗುರುತಿಸಿ ಬೆಳೆಸಿದ ಅಧಿಕಾರಿ' ಎಂಬ ವಿಷಯದ ಮೇಲೆ ನಾನು ನಾಲ್ಕು ಪುಟ ಬರೆದುಕೊಡಬೇಕಂತೆ.

ಆ ಸಾಲನ್ನು ಎರಡು ಸಲ ಓದಿದೆ. ಮೊದಲು ನಗು ಬಂತು. ಆಮೇಲೆ ಹಳೆಯ ಸಿಟ್ಟು ಬಂತು. ಬರೆಯುತ್ತೇನೆ. ಆದರೆ ಸಾಹೇಬರ ಗುಣಗಾನಕ್ಕಲ್ಲ. ಅವರು ಗುರುತಿಸದೆ ಬಿಟ್ಟ ಒಬ್ಬಳ ಬಗ್ಗೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಆಕೆಯ ಹೆಸರು ಹೇಳುವುದಿಲ್ಲ. ಬರೆಯಲೇಬೇಕಾದ ಕಡೆ ಒಮ್ಮೆ ಆ ಹೆಸರನ್ನು ಬರೆಯದೆ ಬಿಟ್ಟ ಕೈ ಇದು. ಈಗ ಬರೆದು ದೊಡ್ಡವನಾಗುವ ಅಧಿಕಾರ ಅದಕ್ಕಿಲ್ಲ. ಕಚೇರಿ ಯಾವ ಊರಿನದೆಂದೂ ಹೇಳುವುದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಎಲ್ಲ ಕಡೆಯೂ ಅನ್ನ ತಿಂದವನು ನಾನು.

ಆಕೆ ನಮ್ಮ ಕಚೇರಿಗೆ ಹೊಲ ಅಳೆಯುವ ಮೋಜಣಿದಾರಳಾಗಿ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ. ವಯಸ್ಸು ಇಪ್ಪತ್ತನಾಲ್ಕೋ ಇಪ್ಪತ್ತೈದೋ. ನಿಪ್ಪಾಣಿಯವಳು, ದಲಿತರಿಂದ ಬೌದ್ಧರಾದವರ ಮನೆಯವಳು. ತಾಯಿ ಬೀಡಿ ಕಟ್ಟಿ ಓದಿಸಿದ್ದಳು. ಅಲ್ಲಿಯವರೆಗೆ ನಮ್ಮ ಕಡೆ ಹೆಣ್ಣುಮಗಳೊಬ್ಬಳು ಅಳತೆಯ ಸರಪಳಿ ಹಿಡಿದು ಹೊಲಕ್ಕಿಳಿದದ್ದನ್ನು ಯಾರೂ ಕಂಡಿರಲಿಲ್ಲ. ಕಾಲಿಗೆ ಗಂಡಸರ ಕ್ಯಾನ್‌ವಾಸ್ ಬೂಟು, ಸೀರೆಯ ಸೆರಗು ಸೊಂಟಕ್ಕೆ ಬಿಗಿ, ಹೆಗಲಿಗೆ ನೀರಿನ ಬಾಟಲಿ, ಕೈಯಲ್ಲಿ ಅಳತೆಯ ಪುಸ್ತಕ. ಹೆಂಗಸರನ್ನು 'ಬಾಯಿ' ಎಂದು ಕರೆಯುವ ನಮ್ಮ ಕಡೆಯ ಜನ ಆಕೆಗೆ 'ಸರಪಳಿ ಬಾಯಿ' ಎಂದು ಹೆಸರಿಟ್ಟರು. ಮೊದಲು ಅದು ಚೇಷ್ಟೆಗೆ ಇಟ್ಟ ಹೆಸರು. ಎರಡು ವರ್ಷದಲ್ಲಿ ಅದೇ ಹೆಸರನ್ನು ಹೇಳಿಕೊಂಡು ರೈತರು ಕಚೇರಿಗೆ ಬರತೊಡಗಿದರು. "ಸರಪಳಿ ಬಾಯಾರ್ನ ಕಳಸ್ರಿ. ಬ್ಯಾರೆದವರು ಅಳದ್ರ ನಾವು ಒಪ್ಪಂಗಿಲ್ಲ."

ಆಕೆ ಯಾರ ಹೊಲ ಅಳೆಯಲು ಹೋಗುತ್ತಿದ್ದಳೋ ಅವರ ಮನೆಯ ನೀರು ಕುಡಿಯುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಇದೇನು ಶಿಸ್ತು ತಂಗಿ ಎಂದು ಒಮ್ಮೆ ಕೇಳಿದೆ.

"ಶಿಸ್ತಲ್ರಿ ಅಣ್ಣಾರ. ಮೊದಲ ಮೊದಲ ಅವರು ನನಗ ನೀರ ಕೊಡೂದಿಲ್ಲಂತ ಬಾಟಲಿ ತರತಿದ್ದೆ. ಈಗ ಕೊಡ್ತಾರ, ನಾನು ಕುಡಿಯೂದಿಲ್ಲ."

ಅವಮಾನವನ್ನು ಆಕೆ ಮರೆಯುತ್ತಿರಲಿಲ್ಲ. ಮರೆತವರನ್ನು ಕಂಡರೆ ಆಕೆಗೆ ಆಗುತ್ತಲೂ ಇರಲಿಲ್ಲ. ಒಂದು ಊರಿನ ಪಂಚಾಯಿತಿಯ ಹಿರಿಯನೊಬ್ಬ ಆಕೆಯನ್ನು ತನ್ನ ಅಂಗಳದ ಹೊರಗೆ ಬಿಸಿಲಲ್ಲಿ ಒಂದು ತಾಸು ನಿಲ್ಲಿಸಿದ್ದ.  ಆರು ತಿಂಗಳ ನಂತರ ಆ ಊರಿನ ರಸ್ತೆ ಅಳೆಯುವ ಕೆಲಸ ಬಂತು. ಹಿರಿಯನ ದನದ ಕೊಟ್ಟಿಗೆ ಸರಕಾರಿ ದಾರಿಯೊಳಗೆ ನಾಲ್ಕು ಅಡಿ ಮೂರು ಅಂಗುಲ ಬಂದಿದೆ ಎಂದು ಬರೆದಳು. ಕೊಟ್ಟಿಗೆಯ ಗೋಡೆ ಬಿತ್ತು.

"ಸೇಡು ತೀರಿಸಿಕೊಂಡಿ ನೋಡು," ಎಂದೆ.

"ನಾನೇನು ಸುಳ್ಳ ಬರದಿಲ್ರಿ. ಖರೇನ ಬರದೇನಿ. ಆ ಮೂರು ಅಂಗುಲ ಬಿಟ್ಟಿದ್ರೂ ನಡೀತಿತ್ತು, ಬಿಡಲಿಲ್ಲ. ಅಷ್ಟ ಸೇಡು."

ಹೇಳಿ ನಕ್ಕಳು. ನಗುವಾಗ ಆಕೆಯ ಮೇಲಿನ ಸಾಲಿನ ಒಂದು ಓರೆ ಹಲ್ಲು ಕಾಣುತ್ತಿತ್ತು. ಆಕೆ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ, ಕಂಡಷ್ಟೂ ಇಂಥ ಸಂದರ್ಭಗಳಲ್ಲೇ.

ಆಕೆಗೆ ಹೆಸರು ತಂದದ್ದು ಕೃಷ್ಣೆಯ ದಂಡೆಯ ಒಂದು ಹೊಲ. ಐನಾಪುರದ ಕಡೆಯ ಬಸ್ಸಿಳಿದು ಒಂದೂವರೆ ತಾಸು ನಡೆಯಬೇಕಾದ ಊರು ಅದು. ಬಾಳವ್ವ ಎಂಬ ಒಬ್ಬಂಟಿ ಮುದುಕಿಗೆ ಅಲ್ಲಿ ಎರಡು ಎಕರೆ ಇತ್ತು. ಪಕ್ಕದಲ್ಲಿ ಆ ಊರಿನ ಸಾವುಕಾರನ ಕಬ್ಬಿನ ತೋಟ. ಮೇಲಿಂದ ಮೇಲೆ ಮಹಾಪೂರ ಬಂದು ಗಡಿಯ ಬಾಂದಕಲ್ಲುಗಳ ಮೇಲೆ ಹೊಳೆಯ ಮಣ್ಣು ಕೂತಿತ್ತು. ಕಲ್ಲು ಕಾಣದಾದ ಮೇಲೆ ಸಾವುಕಾರನ ಕಬ್ಬು ವರ್ಷಕ್ಕೆರಡು ಸಾಲು ಮುಂದೆ ಮುಂದೆ ಬಂದು, ಕೊನೆಗೆ ಬಾಳವ್ವನ ಗುಡಿಸಲಿಗೆ ತಾಗಿತ್ತು. ನಮ್ಮ ಕಚೇರಿಯಿಂದ ಇಬ್ಬರು ಹಿಂದೆ ಹೋಗಿ, ಕಲ್ಲು ಹೊಳೆಯ ಪಾಲಾಗಿವೆ, ಗಡಿ ಹೇಳಲು ಬರುವುದಿಲ್ಲ ಎಂದು ಬರೆದು ಬಂದಿದ್ದರು.

ಆಕೆ ಹನ್ನೊಂದು ದಿನ ಹೋದಳು. ಹಳೆಯ ದಾಖಲೆಯ ಅಳತೆಗಳನ್ನು ಹಿಡಿದು, ಊರಿನ ಬಾವಿಯಿಂದೊಂದು, ಮಸೀದಿಯ ಮೂಲೆಯಿಂದೊಂದು, ಮೇಲಿನ ಎರೆಹೊಲದ ಕಲ್ಲಿನಿಂದೊಂದು ಗೆರೆ ಎಳೆದು, ಮೂರೂ ಕೂಡುವ ಜಾಗದಲ್ಲಿ ಹಾರೆ ಹಾಕಿಸಿದಳು. ಆ ದಿನ ದಾಖಲೆ ಒಯ್ಯಲು ನಾನೂ ಹೋಗಿದ್ದೆ. ಸಾವುಕಾರನ ಆಳುಗಳು ಬದುವಿನ ಮೇಲೆ ಕೂತು ನಗುತ್ತಿದ್ದರು.

"ಏನ್ರಿ ಬಾಯಾರ, ಬಂಗಾರ ಹುಡುಕಾಕತ್ತೀರೇನು?"

ಆಕೆ ತಿರುಗಿ ನೋಡಲಿಲ್ಲ. ಗುಂಡಿ ಸೊಂಟದ ಆಳಕ್ಕೆ ಹೋಯಿತು. ಎದೆಯ ಮಟ್ಟಕ್ಕೆ ಬಂದಾಗ ಹಾರೆ ಖಣ್ ಎಂದಿತು. ಬದುವಿನ ಮೇಲಿನ ನಗು ಅಲ್ಲೇ ನಿಂತಿತು. ಆಕೆ ಸೀರೆ ಎತ್ತಿಕಟ್ಟಿ ತಾನೇ ಗುಂಡಿಗಿಳಿದು ಕೈಯಿಂದ ಕೆಸರು ಬಳಿದಳು. ಕಲ್ಲು ನೆಟ್ಟಗೆ ನಿಂತಿತ್ತು. ಅದೇ ಲೆಕ್ಕದಲ್ಲಿ ಇನ್ನೆರಡು ಕಲ್ಲುಗಳೂ ಸಿಕ್ಕವು. ಬಾಳವ್ವ ಬಂದು ಕೆಸರಿನ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಮನೆಯ ನೀರನ್ನಷ್ಟೇ ಆಕೆ ಕುಡಿದದ್ದು, ಅದೂ ಅಳತೆ ಮುಗಿದು ಸಾಕ್ಷಿಗೆ ನಿಂತ ಪಂಚರ ಸಹಿ ಆದ ಮೇಲೆ.

ಆ ವರ್ಷವೇ ಮೇಲಿನಿಂದ ಒಂದು ಸುತ್ತೋಲೆ ಬಂತು. ಮೂವತ್ತೈದು ದಾಟದ, ಶ್ರೇಷ್ಠ ಕೆಲಸ ಮಾಡಿದ ನೌಕರರಿಗೆ ಪ್ರಶಸ್ತಿ. ಪ್ರತಿ ಕಚೇರಿಯೂ ಒಂದು ಹೆಸರನ್ನು ಕೆಲಸದ ವಿವರಣೆಯೊಂದಿಗೆ ಕಳಿಸಬೇಕು. ಆಕೆಯ ಹೆಸರು ಬಿಟ್ಟು ಬೇರೆ ಹೆಸರು ನನ್ನ ತಲೆಗೆ ಬರಲಿಲ್ಲ. ಮೂರು ದಿನ ಕೂತು ಎರಡು ಪುಟ ಬರೆದೆ. ಹೊಳೆದಂಡೆ, ಮೂರು ಕಲ್ಲು, ಹನ್ನೊಂದು ದಿನ, ಎಲ್ಲವೂ ಅದರಲ್ಲಿತ್ತು. ನಾನು ಬರೆದ ಸರಕಾರಿ ಕಾಗದಗಳಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ.

ಸಾಹೇಬರು ಓದಿದರು. ಮೆಚ್ಚಿದರು. ಕೆಂಪು ಶಾಯಿಯ ಪೆನ್ನು ತೆಗೆದು ಆಕೆಯ ಹೆಸರು ಹೊಡೆದು, ಮೇಲೆ ಇನ್ನೊಂದು ಹೆಸರು ಬರೆದರು. ಅದು ನಮ್ಮಲ್ಲೇ ಇದ್ದ ಇನ್ನೊಬ್ಬ ಯುವ ಮೋಜಣಿದಾರನದು. ಸಾಹೇಬರ ಮಗಳನ್ನು ಅವನಿಗೆ ಕೊಡುವ ಮಾತು ನಡೆದಿದ್ದರಿಂದ ಕಚೇರಿಯಲ್ಲಿ ನಾವೆಲ್ಲ ಬೆನ್ನ ಹಿಂದೆ ಅವನನ್ನು 'ಅಳಿಯಂದಿರು' ಎನ್ನುತ್ತಿದ್ದೆವು. ಹೊಳೆದಂಡೆಯ ಆ ಊರನ್ನು ಅವನು ನಕಾಶೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ.

"ಸರ್, ಕೆಲಸಾ ಆಕೀದು," ಎಂದೆ.

"ಗೊತ್ತೈತಿ. ಹೆಸರಷ್ಟ ಬದಲಿಸು, ಉಳಿದದ್ದು ಹಂಗ ಇರಲಿ. ಭಾಳ ಚಲೋ ಬರದೀ."

"ಆಕಿಗೆ ಗೊತ್ತಾದ್ರ…"

ಸಾಹೇಬರು ಪೆನ್ನಿಗೆ ಟೋಪಿ ಹಾಕುತ್ತ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಅಂಥವರಿಗೆ ನೌಕರಿ ಸಿಕ್ಕದ್ದ ದೊಡ್ಡ ಪ್ರಶಸ್ತಿ. ಅದರ ಮ್ಯಾಲ ಮತ್ತೊಂದ್ಯಾಕ?"

ನಾನು ಟೈಪ್ ಮಾಡಿದೆ. ಸರಕಾರಿ ಕನ್ನಡದಲ್ಲಿ 'ಸದರಿಯವರು' ಎಂಬ ಒಂದು ಶಬ್ದವಿದೆ. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಹಾಗಾಗಿ ಎರಡು ಪುಟದಲ್ಲಿ ಒಂದೇ ಒಂದು ಹೆಸರು ಬದಲಿಸಿದರೆ ಸಾಕಾಯಿತು. ಮನೆಗೆ ಹೋಗಿ ಉಂಡೆ. ನಿದ್ದೆಯೂ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಸಮಾರಂಭಕ್ಕೆ ನಮ್ಮ ಕಚೇರಿಯಿಂದ ಎಲ್ಲರೂ ಹೋದೆವು. ಹೆಣ್ಣುಮಗಳು ಎಂಬ ಕಾರಣಕ್ಕೆ ಸಾಹೇಬರು ಆಕೆಯ ಕೈಗೇ ಶಾಲು, ಹಾರ ಇಟ್ಟ ತಾಟು ಕೊಟ್ಟು ವೇದಿಕೆಯ ಪಕ್ಕ ನಿಲ್ಲಿಸಿದರು. ವಿವರಣೆಯನ್ನು ಮೈಕಿನಲ್ಲಿ ಓದಿದರು. ಹೊಳೆಯ ಮಣ್ಣಿನಡಿ ಮುಚ್ಚಿಹೋಗಿದ್ದ ಮೂರು ಬಾಂದಕಲ್ಲುಗಳನ್ನು ಸದರಿಯವರು ಹನ್ನೊಂದು ದಿನ ಶ್ರಮಿಸಿ… ನಾನು ಆಕೆಯ ಮುಖ ನೋಡಿದೆ. ಮೊದಲ ಸಾಲಿಗೆ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ತನ್ನದೇ ಹೆಸರು ಬರುತ್ತದೆ ಎಂದುಕೊಂಡಳೇನೋ. ಬಂದ ಹೆಸರು ಕೇಳಿದ ಮೇಲೆ ಮುಖದಲ್ಲಿ ಏನೂ ಉಳಿಯಲಿಲ್ಲ. ಅಳಿಯಂದಿರು ವೇದಿಕೆ ಹತ್ತಿದರು. ತಾಟು ಅಲುಗಲಿಲ್ಲ. ತಾನೇ ಶಾಲಿನ ಮಡಿಕೆ ಬಿಡಿಸಿ ಮುಖ್ಯ ಅತಿಥಿಗಳ ಕೈಗೆ ಕೊಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಊರು ಹತ್ತಿರ ಬಂದಾಗ ಕೇಳಿದಳು:

"ಟೈಪ್ ಮಾಡಿದವರು ನೀವೇನ್ರಿ?"

"ಹೂಂ ತಂಗಿ. ಸಾಹೇಬ್ರು…"

"ಸಾಹೇಬ್ರದು ಬಿಡ್ರಿ. ಅದರದೊಂದು ಕಾರ್ಬನ್ ಪ್ರತಿ ಬೇಕು ನನಗ, ಗುಮಾಸ್ತರ."

ಆ ದಿನದವರೆಗೆ ನಾನು 'ಅಣ್ಣಾರ' ಆಗಿದ್ದೆ. ಆಮೇಲೆ ಎಂದೂ ಆಗಲಿಲ್ಲ. ಪ್ರತಿ ಕೊಟ್ಟೆ. ಆಕೆ ಅದನ್ನು ನಾಲ್ಕಾಗಿ ಮಡಚಿ ಅಳತೆಯ ಪುಸ್ತಕದಲ್ಲಿಟ್ಟುಕೊಂಡು ಮರುದಿನ ಎಂದಿನಂತೆ ಸರಪಳಿ ಹೊತ್ತು ಹೊರಟಳು. ಕೂಗಾಡಲಿಲ್ಲ, ಅರ್ಜಿ ಬರೆಯಲಿಲ್ಲ. ಸಾಹೇಬರು ನನಗೆ ಹೇಳಿದರು, "ನೋಡಿದೇನು? ಪಾಪ, ಭಾಳ ಶಾಣ್ಯಾ ಹುಡುಗಿ. ತಿಳಕೊಂಡ್ಳು."

ತಿಳಿದುಕೊಂಡಿದ್ದಳು, ನಿಜ.

ಮೂರು ವರ್ಷ ಕಳೆಯಿತು. ಸಾವುಕಾರ ಬಾಳವ್ವನ ಹೊಲದ ಆ ಅಳತೆಯನ್ನೇ ತಪ್ಪೆಂದು ಕೋರ್ಟಿಗೆ ಹೋಗಿದ್ದ. ಆಕೆ ಸಹಿ ಮಾಡಿದ ಅಳತೆಯ ಪುಸ್ತಕ ಬಾಳವ್ವನ ಕಡೆಯ ಮುಖ್ಯ ಆಧಾರ. ಕೇಸು ಮುಗಿಯುವ ಹಂತಕ್ಕೆ ಬಂದಾಗ ಸಾವುಕಾರನ ವಕೀಲರು ಒಂದು ಕಾಗದ ಎತ್ತಿ ಹಿಡಿದರು. ಪ್ರಶಸ್ತಿಯ ವಿವರಣೆ. ಸರಕಾರವೇ ಬೇರೊಬ್ಬ ನೌಕರ ಈ ಹೊಲ ಅಳೆದನೆಂದು ಹೇಳಿ ಶಾಲು ಹೊದಿಸಿದೆ. ಪುಸ್ತಕದಲ್ಲಿರುವುದು ಬೇರೆ ಸಹಿ. ಹಾಗಾದರೆ ಪುಸ್ತಕವೇ ಖೊಟ್ಟಿ ಎಂದು ವಾದಿಸಿದರು. ಅಳೆದವನನ್ನೇ ಸಾಕ್ಷಿಗೆ ಕರೆಸಬೇಕು ಎಂದರು. ಅಳಿಯಂದಿರಿಗೆ ಸಮನ್ಸ್ ಬಂತು.

ಕಚೇರಿ ಬೆವತಿತು. ಸಾಹೇಬರು ಬಾಗಿಲು ಹಾಕಿಕೊಂಡು ಅಳಿಯಂದಿರಿಗೆ ಎರಡು ದಿನ ಪಾಠ ಹೇಳಿಕೊಟ್ಟರು. ಪ್ರಶಸ್ತಿ ಸುಳ್ಳೆಂದರೆ ಇಬ್ಬರ ಮಾನವೂ ಹೋಗುತ್ತದೆ, ಅದಕ್ಕೆ ನಾನೇ ಅಳೆದೆ ಎನ್ನು ಎಂದು ಹೇಳಿಕೊಟ್ಟಿದ್ದರು. ಹಾಗೆ ಹೇಳಿದರೆ ಮುದುಕಿಯ ಹೊಲ ಹೋಗುತ್ತದೆ ಎಂಬುದು ಅವರ ಲೆಕ್ಕದಲ್ಲಿರಲಿಲ್ಲ.

ಆ ದಿನ ನಾನು ರಜೆ ಹಾಕಿ ಕೋರ್ಟಿಗೆ ಹೋದೆ. ಆಕೆ ಬಾಳವ್ವನ ವಕೀಲರ ಹಿಂದೆ ಬೆಂಚಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಚೀಟಿಗಳ ಕಟ್ಟು. ಅಳಿಯಂದಿರು ಕಟಕಟೆ ಹತ್ತಿ, ಹೌದು, ನಾನೇ ಅಳೆದೆ ಎಂದರು. ಬಾಳವ್ವನ ವಕೀಲರು ಹಿಂದಕ್ಕೆ ಕೈ ಚಾಚಿದರು. ಆಕೆ ಒಂದು ಚೀಟಿ ಕೊಟ್ಟಳು.

"ಅಳತಿ ಎಲ್ಲಿಂದ ಹಿಡಿದ್ರಿ?"

"ಹೊಳಿಯಿಂದ್ರಿ."

"ಹೊಳಿ ವರ್ಷಾ ಜಾಗಾ ಬದಲಸ್ತೈತಿ. ಅದರಿಂದ ಅಳತಿ ಹಿಡಿಯಾಕ ಬರತೈತೇನು?"

ಅಳಿಯಂದಿರು ಸಾವುಕಾರನ ವಕೀಲರ ಕಡೆ ನೋಡಿದರು. ಇನ್ನೊಂದು ಚೀಟಿ.

"ಮಸೀದಿಯ ಯಾವ ಮೂಲೆಯಿಂದ ಗೆರಿ ಎಳದ್ರಿ?"

"ಆ ಊರಾಗ ಮಸೀದಿ… ಲಕ್ಷ್ಯಕ್ಕಿಲ್ರಿ."

ಮತ್ತೊಂದು ಚೀಟಿ. ವಕೀಲರು ಅದನ್ನು ಓದಿ ಅಳತೆಯ ಪುಸ್ತಕ ಕೈಗೆತ್ತಿಕೊಂಡರು.

"ಮೂರನೇ ಕಲ್ಲಿನ ಬುಡಕ ಏನಿತ್ತು?"

"ಏನಿರತೈತ್ರಿ, ಮಣ್ಣು."

ವಕೀಲರು ಅಳತೆಯ ಪುಸ್ತಕ ತೆರೆದು ಓದಿದರು: ಮೂರನೆಯ ಕಲ್ಲಿನ ಬುಡದಲ್ಲಿ ಹಳೆಯ ಮೋಜಣಿಯವರು ಗುರುತಿಗೆಂದು ಹಾಕಿದ ಎರಡು ಬೊಗಸೆ ಇದ್ದಿಲು, ಪಂಚರ ಸಮಕ್ಷಮ ನೋಡಲಾಗಿದೆ. ನನ್ನ ವಿವರಣೆಯಲ್ಲಿ ಇದ್ದಿಲಿನ ಮಾತಿರಲಿಲ್ಲ. ಅಷ್ಟು ಸಣ್ಣ ಸಂಗತಿ ಯಾಕೆ ಎಂದು ನಾನು ಬಿಟ್ಟಿದ್ದೆ.

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು, "ನೀವು ಆ ಹೊಲಕ್ಕೆ ಹೋಗಿದ್ದಿರೋ ಇಲ್ಲವೋ? ಪ್ರಮಾಣ ಮಾಡಿದ್ದೀರಿ, ನೆನಪಿರಲಿ."

ಅಳಿಯಂದಿರು ಮಾತು ಬದಲಿಸಿದರು. "ಇಲ್ರಿ ಸಾಹೇಬ್ರ. ಅಳದಾಕಿ ಆಕಿ." ಬೆರಳು ಬೆಂಚಿನ ಕಡೆ ಹೋಯಿತು. ಆಕೆ ಎದ್ದು ನಿಂತಳು. ಯಾರೂ ನಿಲ್ಲೆಂದು ಹೇಳಿರಲಿಲ್ಲ. ಎಲ್ಲರೂ ತನ್ನನ್ನು ನೋಡುವಷ್ಟು ಹೊತ್ತು ನಿಂತು, ಆಮೇಲೆ ಕೂತಳು. ಓರೆ ಹಲ್ಲು ಕಂಡಿತು.

ಮುಂದಿನ ತಾರೀಖಿಗೆ ಸಾಹೇಬರನ್ನು ಕರೆಸಿದರು. ಸಾಹೇಬರು ನೀಟಾಗಿ ಹೇಳಿದರು: ಅದು ಗುಮಾಸ್ತನ ಕೈತಪ್ಪು, ತಾವು ನಂಬಿಕೆಯ ಮೇಲೆ ಸಹಿ ಮಾಡಿದ್ದು. ಅದರ ಮುಂದಿನ ತಾರೀಖು ನನ್ನದು. ಹಿಂದಿನ ದಿನ ಸಂಜೆ ಸಾಹೇಬರು ನನ್ನ ಮನೆಗೇ ಬಂದರು. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

"ಕೈತಪ್ಪಂತ ಹೇಳಿಬಿಡು. ಒಂದು ಮೆಮೊ ಕೊಟ್ಟಂಗ ಮಾಡಿ ಮುಗಸ್ತೇನಿ."

ನಾನು ಹೂಂ ಅಂದೆ. ಕಟಕಟೆಯಲ್ಲಿ ನಿಂತಾಗ ಅಂಗಿಯ ಒಳಗಿನಿಂದ ಹಳೆಯ ಕರಡು ಪ್ರತಿಯನ್ನು ತೆಗೆದು ಕೊಟ್ಟೆ. ಗುಮಾಸ್ತನಾದವನು ಯಾವ ಕಾಗದವನ್ನೂ ಹರಿಯುವುದಿಲ್ಲ. ಆಕೆಯ ಹೆಸರು, ಅದರ ಮೇಲೆ ಕೆಂಪು ಗೆರೆ, ಮೇಲೆ ಸಾಹೇಬರ ಅಕ್ಷರದಲ್ಲಿ ಅಳಿಯಂದಿರ ಹೆಸರು. ಧರ್ಮಕ್ಕಾಗಿ ಕೊಟ್ಟೆ ಎಂದು ಹೇಳಿಕೊಳ್ಳುವುದಿಲ್ಲ. ನನ್ನ ಟೈಪಿನಲ್ಲಿ ಹದಿನಾಲ್ಕು ವರ್ಷ ಒಂದಕ್ಷರ ತಪ್ಪಿರಲಿಲ್ಲ. 'ಕೈತಪ್ಪು' ಎಂಬ ಮಾತು ನನ್ನನ್ನು ಚುಚ್ಚಿತ್ತು. ಕಾಗದ ನ್ಯಾಯಾಧೀಶರ ಕೈಗೆ ಹೋದಾಗ ಸಾಹೇಬರ ಮುಖ ಸುಣ್ಣದಂತಾದದ್ದನ್ನು ಕಣ್ತುಂಬ ನೋಡಿದೆ. ಈಗ ನೆನೆದರೂ ಹಿತವಾಗುತ್ತದೆ.

ಬಾಳವ್ವ ಗೆದ್ದಳು. ತೀರ್ಪಿನಲ್ಲಿ ಸರಪಳಿ ಬಾಯಿಯ ಹೆಸರು ಏಳು ಸಲ ಬಂದಿತ್ತು, ಎಣಿಸಿದ್ದೇನೆ. ಸಾಹೇಬರ ಮೇಲೆ ವಿಚಾರಣೆ ನಡೆದು ಬಡ್ತಿ ನಿಂತಿತು, ದೂರಕ್ಕೆ ವರ್ಗವಾಯಿತು. ಮದುವೆಯ ಮಾತು ಮುರಿಯಿತು. ಅದನ್ನು ಕೇಳಿ ಆಕೆ, "ಆ ಹುಡುಗಿ ಬಚಾವಾತು," ಎಂದಳು.

ಮೇಲಿನವರು ಆ ಪ್ರಶಸ್ತಿಯನ್ನು ಈಗ ಆಕೆಗೆ ಕೊಡುತ್ತೇವೆ ಎಂದರು. ಆಕೆ ಬರೆದ ಉತ್ತರ ಎರಡೇ ಸಾಲು. ನನಗೆ ಬೇಡ, ಆದರೆ ಅವರ ಬಳಿಯೂ ಇರಬಾರದು. ಅಳಿಯಂದಿರು ಶಾಲು, ಫಲಕ ಎರಡನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. ಪಾವತಿ ಬರೆದುಕೊಡುವಾಗ ಆಕೆ ಪಕ್ಕದಲ್ಲೇ ನಿಂತು ಓದಿದಳು. "ಶಾಲು ಒಂದು ಅಂತ ಬರದೀರಿ. ಉಪಯೋಗಿಸಿದ್ದು ಅಂತ ಬರೀರಿ, ಗುಮಾಸ್ತರ," ಎಂದಳು. ಬರೆದೆ.

ಪ್ರಶಸ್ತಿಯ ವಿವರಣೆಯ ಆ ಕಾಗದ ಸಾವುಕಾರನ ವಕೀಲರಿಗೆ ಹೇಗೆ ಸಿಕ್ಕಿತು ಎಂಬುದು ನನಗೆ ತಿಳಿದದ್ದು ಒಂದೆರಡು ವರ್ಷಗಳ ಮೇಲೆ, ಬಾಳವ್ವನ ಬಾಯಿಂದಲೇ. ನಾನು ಬೇರೆ ಕೆಲಸಕ್ಕೆ ಆ ಊರಿಗೆ ಹೋಗಿದ್ದೆ. ಕಳಿಸಿದವಳು ಸರಪಳಿ ಬಾಯಿಯೇ. ನನ್ನಿಂದ ಪಡೆದ ಕಾರ್ಬನ್ ಪ್ರತಿಯನ್ನು ಲಕೋಟೆಯಲ್ಲಿ ಹಾಕಿ ಎದುರು ಪಕ್ಷದ ವಕೀಲರಿಗೆ ಅಂಚೆಗೆ ಹಾಕಿದ್ದಳು. ಅದನ್ನು ಕಂಡರೆ ಅವರು ಅಳಿಯಂದಿರನ್ನು ಕಟಕಟೆಗೆ ಕರೆಸದೆ ಬಿಡುವುದಿಲ್ಲ ಎಂಬುದು ಆಕೆಯ ಲೆಕ್ಕ.

"ನಿಮ್ಮ ಹೊಲಾ ಹೋಗಿದ್ರ ಏನ ಮಾಡ್ತಿದ್ರಿ ಯವ್ವಾ?"

"ಆಕಿ ಮೊದಲ ನನ್ನ ಕೇಳಾಕ ಬಂದಿದ್ಲು," ಎಂದಳು ಮುದುಕಿ. "ಹಿಂಗ ಹಿಂಗ ಐತಿ ಯವ್ವಾ, ಹೊಲಾ ಹೋಗೂ ಅಂಜಿಕಿ ಐತಿ, ನೀ ಬ್ಯಾಡಂದ್ರ ಬಿಡ್ತೇನಿ ಅಂದ್ಲು. ನಾ ಹೇಳಿದೆ, ನನ್ನ ಹೊಲಾ ಹುಡುಕಿ ಕೊಟ್ಟಾಕಿ ನೀ. ನಿನ್ನ ಹೆಸರ ಹುಡುಕಾಕ ನನ್ನ ಹೊಲಾ ಬೇಕಾದ್ರ ಒತ್ತಿ ಇಡು ಅಂತ."

ಇದನ್ನು ಆಕೆಯ ಮುಂದೆ ಎತ್ತಿದಾಗ ಮುಚ್ಚಿಡಲಿಲ್ಲ. "ಎದಿ ಢವ ಢವ ಅಂತಿತ್ರಿ. ಆದ್ರ ಮೂರು ಕಲ್ಲು ನೆಲದಾಗ ಅದಾವಲ್ಲ. ಯಾರ ಅಗದ್ರೂ ಸಿಗತಿದ್ದೂ," ಎಂದಳು. ಆಮೇಲೆ ಸ್ವಲ್ಪ ತಡೆದು, "ಸೋತಿದ್ರ ನನ್ನ ಪಗಾರದಾಗ ಆಕಿನ್ನ ಸಾಕ್ತಿದ್ದೆ. ಸಾಹೇಬನ್ನ ಮಾತ್ರ ಬಿಡತಿದ್ದಿಲ್ಲ," ಎಂದಳು. ಆ ಮಾತನ್ನು ನಾನು ಪೂರಾ ಒಪ್ಪಲಾರೆ. ಆಕೆಯೂ ನನ್ನ ಒಪ್ಪಿಗೆ ಕೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಹೊಸ ಸಾಹೇಬರೊಬ್ಬರು ಬಂದರು. ಮತ್ತೆ ಅದೇ ಸುತ್ತೋಲೆ. ಆಕೆಗೆ ಆಗ ಮೂವತ್ತೈದು ದಾಟಿತ್ತು. ಹೊಸ ಸಾಹೇಬರು ಯಾರ ಹೆಸರು ಕಳಿಸೋಣ ಎಂದು ಆಕೆಯನ್ನೇ ಕೇಳಿದರು. ಅಲಖನೂರಿನ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಜೈನ ಹುಡುಗಿಯ ಹೆಸರು ಹೇಳಿದಳು. ಹೊಸದಾಗಿ ಸೇರಿದ ಮೋಜಣಿದಾರಳು. ಆ ಹುಡುಗಿಗೂ ಈಕೆಗೂ ಮಾತುಕತೆ ಅಷ್ಟಕ್ಕಷ್ಟೇ. "ಸೊಕ್ಕಿನಾಕಿ. ಆದ್ರ ಅಳತಿ ಖರೆ," ಎಂದಳು. ನಾನು ಟೈಪ್ ಮಾಡುವಷ್ಟು ಹೊತ್ತೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಮುಗಿದ ಮೇಲೆ, "ಹೆಸರು ಓದ್ರಿ," ಎಂದಳು. ಓದಿದೆ. "ಇನ್ನೊಮ್ಮೆ." ಓದಿದೆ. ಮೂರನೆಯ ಸಲ ಓದುವಾಗ ನನ್ನ ಕಣ್ಣ ಮುಂದೆ ಆ ಕೆಂಪು ಗೆರೆ ಬಂತು. ಆಕೆಗೆ ಅದು ತಿಳಿಯಿತು. ಆದರೂ ಸಾಕು ಎನ್ನಲಿಲ್ಲ.

ನನ್ನ ನಿವೃತ್ತಿಯ ದಿನ ನಾನು ಆಕೆಯ ಮೇಜಿಗೆ ಹೋಗಿ, ಆದದ್ದನ್ನು ಮರೆತುಬಿಡಿ ಎಂದು ಕೇಳಿದೆ. ಆಕೆ ನಕಾಶೆಯಿಂದ ತಲೆ ಎತ್ತಲಿಲ್ಲ. "ನನಗ ಮರಿಯಾಕ ಬರೂದಿಲ್ರಿ. ಸುಖವಾಗಿರ್ರಿ," ಎಂದಳು.

ಕೆಲವು ವರ್ಷಗಳ ಹಿಂದೆ ಆಕೆ ತೀರಿಕೊಂಡ ಸುದ್ದಿ ಬಂತು. ನಿಪ್ಪಾಣಿಗೆ ಹೋದೆ. ಆಕೆಯ ತಂಗಿಯೊಬ್ಬಳಿದ್ದಳು. ಮರಾಠಿ ಬೆರೆಸಿ ಮಾತಾಡುತ್ತ ಚಹಾ ಕೊಟ್ಟಳು. ನಾನು ಯಾರೆಂದು ಹೇಳಿದಾಗ ತಟ್ಟನೆ ಗುರುತು ಹಿಡಿದಳು.

"ನಿಮ್ಮ ಸುದ್ದಿ ಅಕ್ಕ ಹೇಳ್ತಿದ್ಲ್ರಿ."

"ಏನಂತ?" ಎಂದೆ. ಒಂದು ಒಳ್ಳೆಯ ಮಾತು ಸಿಗಬಹುದೆಂಬ ಆಸೆ ಆ ವಯಸ್ಸಿನಲ್ಲೂ ಇತ್ತು.

ತಂಗಿ ಸಂಕೋಚಪಟ್ಟಳು. ನಾನು ಬಿಡಲಿಲ್ಲ.

"ಗುಮಾಸ್ತ ಖರೆ ಹೇಳಿದಾ, ಆದ್ರ ಕಟಕಟಿಗೆ ಕರದ ಮ್ಯಾಲ ಹೇಳಿದಾ, ಅಂತಿದ್ಲ್ರಿ."